ಮೇಜಿನ ಮೂಲೆಯಲ್ಲಿ ಹುಟ್ಟಿದ ಮೂರು

ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಟಿಪ್ಪಣಿ ನೋಡಿಕೊಂಡು ಬರೆದಿದ್ದೇನೆ. ಮಾತಿನಲ್ಲಿ ತಡವರಿಸಿದ ಕಡೆ ಸ್ವಲ್ಪ ತಿದ್ದಿದ್ದೇನೆ, ಅಷ್ಟೇ.

ಎಲ್ಲರಿಗೂ ನಮಸ್ಕಾರ. ಹೊರಗೆ ಬೋರ್ಡಿನ ಮೇಲೆ ‘ಯುರೋಪಿನ ಆರ್ಥಿಕ ನೀತಿ: ಇಂದಿನ ಚರ್ಚೆಗಳು’ ಅಂತ ಬರೆದಿದ್ದಾರೆ. ಅದನ್ನು ಓದಿಯೂ ಇಷ್ಟು ಜನ ಒಳಗೆ ಬಂದಿದ್ದೀರಲ್ಲ, ನಿಮ್ಮ ಧೈರ್ಯ ಮೆಚ್ಚಬೇಕು. ಚಿನ್ನದ ರೇಟು ಯಾವಾಗ ಇಳಿಯುತ್ತೆ ಅಂತ ಕೇಳಲು ಬಂದವರಿದ್ದರೆ, ಅದು ಇವತ್ತಿನ ವಿಷಯ ಅಲ್ಲ. ಕಾಫಿ ಮಾತ್ರ ಕೊನೆಯಲ್ಲಿ ಇದೆ.

ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಟ್ಟವಳು. ಹಾಗಾಗಿ ಒಂದು ಹಳೇ ಚಟ ಇದೆ. ಯಾರಾದರೂ ಒಂದು ಅಂಕಿ ಹೇಳಿದರೆ, ‘ಅದು ಎಲ್ಲಿಂದ ಬಂತು?’ ಅಂತ ಕೇಳದೆ ಬಿಡುವುದಿಲ್ಲ. ಯುರೋಪಿನಲ್ಲಿ ಇವತ್ತು ನಡೆಯುತ್ತಿರುವ ಜಗಳಗಳು ಹತ್ತಾರು. ನಾನು ಒಂದೇ ಒಂದು ಅಂಕಿಯ ಬಾಲ ಹಿಡಿದು ಹೋಗುತ್ತೇನೆ. ಆ ಅಂಕಿ 3. ಯುರೋಪಿಯನ್ ಒಕ್ಕೂಟದ ಯಾವ ದೇಶದಲ್ಲೂ ಸರ್ಕಾರದ ಬಜೆಟ್ ಕೊರತೆ, ಅಂದರೆ ವರಮಾನ ಮೀರಿ ಸಾಲ ತಂದು ಮಾಡುವ ಖರ್ಚು, ಜಿಡಿಪಿಯ (ದೇಶದ ಒಂದು ವರ್ಷದ ಒಟ್ಟು ಆದಾಯದ) ಶೇ 3 ದಾಟಬಾರದು ಅನ್ನುವ ನಿಯಮ. ಇದರ ಜೊತೆಗೆ ಇನ್ನೊಂದು ಇದೆ: ಒಟ್ಟು ಸಾಲ ಜಿಡಿಪಿಯ ಶೇ 60 ಮೀರಬಾರದು. 1992ರ ಫೆಬ್ರವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ಊರಿನಲ್ಲಿ ಸಹಿ ಬಿದ್ದ ಒಪ್ಪಂದದಿಂದ ಇವೆರಡೂ ಕಾನೂನಾದವು.

ಸರಿ, 3 ಎಲ್ಲಿಂದ ಬಂತು?

1981. ಫ್ರಾನ್ಸಿನಲ್ಲಿ ಫ್ರಾನ್ಸ್ವಾ ಮಿತೆರಾಂ ಹೊಸದಾಗಿ ಅಧ್ಯಕ್ಷರಾಗಿದ್ದರು. ಸಮಾಜವಾದಿಗಳು ಎಷ್ಟೋ ವರ್ಷಗಳ ಮೇಲೆ ಅಧಿಕಾರಕ್ಕೆ ಬಂದಿದ್ದರು. ಒಬ್ಬೊಬ್ಬ ಮಂತ್ರಿಯೂ ತನ್ನ ಇಲಾಖೆಗೆ ದುಡ್ಡು ಕೊಡಿ ಅಂತ ಸಾಲುಗಟ್ಟಿ ನಿಂತಿದ್ದ. ‘ಇಲ್ಲ’ ಅನ್ನಲು ಅಧ್ಯಕ್ಷರಿಗೆ ಒಂದು ಸುಲಭದ ನಿಯಮ ಬೇಕಿತ್ತು. ಬಜೆಟ್ ಇಲಾಖೆಯ ಇಬ್ಬರು ಕಿರಿಯ ಅಧಿಕಾರಿಗಳಿಗೆ ಕೆಲಸ ಬಿತ್ತು. ಅವರಲ್ಲಿ ಒಬ್ಬರು ಗೀ ಅಬೇಯ್. ಕೊರತೆಯನ್ನು ಬರೀ ಫ್ರಾಂಕ್‌ನಲ್ಲಿ ಹೇಳಿದರೆ ಸೊನ್ನೆಗಳು ನೋಡಿಯೇ ಜನ ಗಾಬರಿ ಬೀಳುತ್ತಾರೆ. ಜಿಡಿಪಿಯ ಪಾಲಾಗಿ ಹೇಳಿದರೆ ಅಂಕಿ ಚಿಕ್ಕದಾಗಿ, ಗಂಭೀರವಾಗಿ ಕಾಣುತ್ತದೆ. ಶೇ 1 ಅಂದರೆ ಆಗದ ಮಾತು. ಶೇ 2 ಅಂದರೆ ಕುತ್ತಿಗೆ ಬಿಗಿಯುತ್ತದೆ. ಶೇ 3? ಅದು ಚೆನ್ನಾಗಿದೆ. ಕ್ರೈಸ್ತರಿಗೆ ತ್ರಿತ್ವದ ನೆನಪೂ ಬರುತ್ತದೆ. ಒಂದು ಗಂಟೆಯೊಳಗೆ, ಮೇಜಿನ ಮೂಲೆಯಲ್ಲಿ ಕೂತು, ಯಾವ ಸಿದ್ಧಾಂತವೂ ಇಲ್ಲದೆ ಮುಗಿಸಿದೆವು ಅಂತ ಅಬೇಯ್ ಅವರೇ 30 ವರ್ಷದ ನಂತರ ಪತ್ರಿಕೆಗೆ ಹೇಳಿಕೊಂಡರು.

ನಗಬೇಡಿ. ಆ 3 ನಮ್ಮ ಮನೆಗೂ ಬಂದಿದೆ. ನಮ್ಮ ಕೇಂದ್ರ ಸರ್ಕಾರದ 2003ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಗುರಿ ಶೇ 3. ಕರ್ನಾಟಕ ಅದಕ್ಕೂ ಮೊದಲೇ, 2002ರಲ್ಲೇ ಇಂಥ ಕಾಯ್ದೆ ಮಾಡಿಕೊಂಡಿತ್ತು. ಅಲ್ಲೂ ಶೇ 3.

ಆಮೇಲೆ ಈ ಅಂಕಿಗೆ ಒಂದು ಲೆಕ್ಕ ಹೊಂದಿಸಿದರು. ಲೆಕ್ಕ ತಪ್ಪಲ್ಲ, ನಾಲ್ಕನೇ ಕ್ಲಾಸಿನ ಗಣಿತ. ದೇಶದ ಆದಾಯ 100 ಅಂದುಕೊಳ್ಳಿ, ಸಾಲ 60. ಬೆಲೆ ಏರಿಕೆಯೂ ಸೇರಿ ಆದಾಯ ವರ್ಷಕ್ಕೆ ಶೇ 5 ಬೆಳೆದರೆ 105 ಆಗುತ್ತದೆ. ಈ ವರ್ಷ 3 ಹೊಸ ಸಾಲ ಮಾಡಿದರೆ ಒಟ್ಟು ಸಾಲ 63. 105ರಲ್ಲಿ 63 ಅಂದರೆ ಮತ್ತೆ ಶೇ 60. ಗಡಿಯಾರದ ಹಾಗೆ ಕೂತಿತು. ಆದರೆ ಆ 5 ಇದೆಯಲ್ಲ, ಅದು ಇದ್ದರೆ ಮಾತ್ರ. ಆದಾಯ ಶೇ 3ರಷ್ಟೇ ಬೆಳೆಯುವ ದೇಶದಲ್ಲಿ ಪ್ರತಿ ವರ್ಷ ಶೇ 3 ಕೊರತೆ ಇಟ್ಟುಕೊಂಡು ಹೋದರೆ, ಸಾಲ ನಿಧಾನಕ್ಕೆ ಹತ್ತಿ ಶೇ 100ರ ಆಸುಪಾಸಿಗೆ ನಿಲ್ಲುತ್ತದೆ. ಇಟಲಿಯಂಥ ದೇಶ ಎಷ್ಟೋ ವರ್ಷ ಅಷ್ಟೂ ಬೆಳೆದಿಲ್ಲ.

ಇನ್ನು ನಿಯಮ ಯಾರಿಗೆ ಅನ್ನುವ ಪ್ರಶ್ನೆ. ಇದನ್ನು ಬಿಗಿ ಮಾಡಿ ಅಂತ ಹಟ ಹಿಡಿದದ್ದು ಜರ್ಮನಿ. ಅದರ ಹಣಕಾಸು ಮಂತ್ರಿ ಥಿಯೋ ವೈಗಲ್ ಒತ್ತಾಯಕ್ಕೆ 1997ರಲ್ಲಿ ‘ಸ್ಥಿರತೆ ಮತ್ತು ಬೆಳವಣಿಗೆ ಒಪ್ಪಂದ’ ಬಂತು. ಜರ್ಮನ್ನರ ಭಯ ಏನೆಂದರೆ, ಎಲ್ಲರಿಗೂ ಒಂದೇ ಯೂರೋ ಅಂತ ನಮ್ಮ ಗಟ್ಟಿ ಮಾರ್ಕ್ ನಾಣ್ಯ ಬಿಟ್ಟುಕೊಡುತ್ತಿದ್ದೇವೆ, ದಕ್ಷಿಣದ ದೇಶಗಳು ಸಾಲ ಮಾಡಿ ತುಪ್ಪ ತಿಂದರೆ ಬಿಲ್ಲು ನಮ್ಮ ಕೈಗೆ ಬರುತ್ತದೆ. ಆರೇ ವರ್ಷದಲ್ಲಿ, 2003ರಲ್ಲಿ, ಗೆರೆ ದಾಟಿ ಸಿಕ್ಕಿಬಿದ್ದವರು ಯಾರು? ಜರ್ಮನಿ, ಫ್ರಾನ್ಸ್. ಒಕ್ಕೂಟದ ಹಣಕಾಸು ಮಂತ್ರಿಗಳು ಸೇರಿ ಆ ನವೆಂಬರ್‌ನಲ್ಲಿ ಕ್ರಮವನ್ನೇ ತಡೆಹಿಡಿದರು. ಅದಕ್ಕೂ ಒಂದು ವರ್ಷ ಮೊದಲು ಯುರೋಪಿಯನ್ ಕಮಿಷನ್ ಅಧ್ಯಕ್ಷ ರೊಮಾನೊ ಪ್ರೋಡಿ ಈ ಒಪ್ಪಂದವನ್ನು ‘ಪೆದ್ದು’ ಅಂದಿದ್ದರು. ನಿಯಮ ಕಾಯಬೇಕಾದ ಮನುಷ್ಯನೇ ಹಾಗಂದದ್ದು! 2016ರಲ್ಲಿ, ಫ್ರಾನ್ಸಿಗೆ ಯಾಕೆ ಇಷ್ಟು ರಿಯಾಯಿತಿ ಅಂತ ಕೇಳಿದಾಗ, ಆಗಿನ ಕಮಿಷನ್ ಅಧ್ಯಕ್ಷ ಯುಂಕರ್ ಕೊಟ್ಟ ಉತ್ತರ: ‘ಯಾಕಂದರೆ ಅದು ಫ್ರಾನ್ಸ್’. ಕೊರತೆ ಜಾಸ್ತಿ ಆಯಿತು ಅಂತ ಇವತ್ತಿನವರೆಗೆ ಒಂದು ದೇಶವೂ ದಂಡ ಕಟ್ಟಿಲ್ಲ. ಅದೇ 2016ರಲ್ಲಿ ಸ್ಪೇನ್, ಪೋರ್ಚುಗಲ್‌ಗೆ ದಂಡ ಹಾಕುವ ಹಂತಕ್ಕೆ ಹೋಗಿ, ಮೊತ್ತವನ್ನು ಸೊನ್ನೆ ಅಂತ ನಿಗದಿ ಮಾಡಿದರು.

ಜರ್ಮನ್ ಭಾಷೆಯಲ್ಲಿ ಸಾಲಕ್ಕೆ ‘ಶುಲ್ಡ್’ ಅನ್ನುತ್ತಾರೆ. ತಪ್ಪಿತಸ್ಥ ಭಾವನೆಗೂ ಅದೇ ಪದ. ನಮ್ಮಲ್ಲಿ ‘ಋಣ’ ಅಂದಾಗ ಬರೋದು ಬೇರೆ ಛಾಯೆ: ಹೆತ್ತವರ ಋಣ, ಅನ್ನದ ಋಣ. ತೀರಿಸಬೇಕು ನಿಜ, ಆದರೆ ಅದು ಸಂಬಂಧವೂ ಹೌದು. ಇದರ ಮೇಲೆ ಇಡೀ ದೇಶದ ಸ್ವಭಾವ ಅಳೆಯುವವರೂ ಇದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಆದರೆ 2008ರ ಡಿಸೆಂಬರ್‌ನಲ್ಲಿ, ದೊಡ್ಡ ಬ್ಯಾಂಕುಗಳು ಮುಗ್ಗರಿಸಿದ್ದಾಗ, ಜರ್ಮನಿಯ ಆಗಿನ ಚಾನ್ಸಲರ್ (ಸರ್ಕಾರದ ಮುಖ್ಯಸ್ಥೆ) ಏಂಜೆಲಾ ಮರ್ಕೆಲ್ ಸ್ಟುಟ್‌ಗಾರ್ಟ್‌ನಲ್ಲಿ ಹೇಳಿದ ಮಾತು ಕೇಳಿ. ಒಬ್ಬ ಶ್ವಾಬಿಯ ಗೃಹಿಣಿಯನ್ನು ಕೇಳಿದ್ದರೆ ಸಾಕಿತ್ತು, ಆದಾಯ ಮೀರಿ ಬಹಳ ದಿನ ಬಾಳಲಾಗದು ಅಂತ ಅವಳು ಹೇಳುತ್ತಿದ್ದಳು, ಅಂತ. ಶ್ವಾಬಿಯ ಅಂದರೆ ಆ ಊರಿನ ಸುತ್ತಲ ಸೀಮೆ. ಕೈ ಬಿಗಿಗೆ ಹೆಸರಾದ ಜನ.

ನಮಗೆ ಇದು ತಕ್ಷಣ ಅರ್ಥ ಆಗುತ್ತದೆ, ಅಲ್ವಾ? ಹಾಸಿಗೆ ಇದ್ದಷ್ಟು ಕಾಲು ಚಾಚು. ನಮ್ಮಮ್ಮನ ಸಾಸಿವೆ ಡಬ್ಬಿಯಲ್ಲಿ ಯಾವಾಗಲೂ ದುಡ್ಡಿರುತ್ತಿತ್ತು. ನಮ್ಮ ಮನೆ ಎಷ್ಟೋ ಸಲ ಅದರಿಂದಲೇ ಉಳಿದಿದೆ. ಆದರೆ ಒಂದು ತೊಡಕಿದೆ. ನಮ್ಮಮ್ಮ ಒಬ್ಬಳು ಸೀರೆ ಕೊಳ್ಳುವುದನ್ನು ಬಿಟ್ಟರೆ ಅಂಗಡಿ ಮುಚ್ಚುವುದಿಲ್ಲ. ಬೀದಿಯ ಎಲ್ಲ ಅಮ್ಮಂದಿರೂ ಒಂದೇ ದಿನ ಬಿಟ್ಟರೆ ಅಂಗಡಿ ಮುಚ್ಚುತ್ತದೆ. ಆ ಅಂಗಡಿಯಲ್ಲಿ ಲೆಕ್ಕ ಬರೆಯುವವರು ನಮ್ಮಪ್ಪ! ಸರ್ಕಾರ ಅಂದರೆ ಒಂದು ಮನೆ ಅಲ್ಲ, ಇಡೀ ಬೀದಿ. ಕಳೆದ 15 ವರ್ಷದ ಯುರೋಪಿನ ಆರ್ಥಿಕ ಸಂಶೋಧನೆಯ ದೊಡ್ಡ ಪಾಲು ಈ ಮನೆ ಮತ್ತು ಬೀದಿಯ ನಡುವಿನ ವಾದವೇ.

ಆ ವಾದದ ಪ್ರಯೋಗಶಾಲೆ ಆಗಿದ್ದು ಗ್ರೀಸ್. ಇಲ್ಲಿ ಸ್ವಲ್ಪ ನಿಲ್ಲೋಣ.

2009ರ ಅಕ್ಟೋಬರ್‌ನಲ್ಲಿ ಅಲ್ಲಿ ಹೊಸ ಸರ್ಕಾರ ಬಂತು. ಕಡತ ತೆಗೆದು ನೋಡಿದರೆ ಕೊರತೆ ಹಳಬರು ಹೇಳಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಮೊದಲು ಶೇ 12 ಅಂದರು. ಮರುಲೆಕ್ಕ ಮುಗಿಯುವ ಹೊತ್ತಿಗೆ ಶೇ 15 ದಾಟಿತ್ತು. ಅಂದರೆ ನಿಯಮದ 5 ಪಟ್ಟು. ಸಾಲ ಕೊಡುವವರು ಕೈಕಟ್ಟಿ ಕೂತರು. 2010ರ ಮೇ ತಿಂಗಳಲ್ಲಿ ಯೂರೋ ದೇಶಗಳು ಮತ್ತು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸೇರಿ 11,000 ಕೋಟಿ ಯೂರೋ ಸಾಲ ಕೊಡಲು ಒಪ್ಪಿದವು. ಷರತ್ತು: ಸಂಬಳ ಇಳಿಸಿ, ಪಿಂಚಣಿ ಕತ್ತರಿಸಿ, ತೆರಿಗೆ ಏರಿಸಿ.

ತಪ್ಪು ಲೆಕ್ಕ ಕೊಟ್ಟದ್ದು ಗ್ರೀಸಿನ ತಪ್ಪೇ. ಅದನ್ನು ಮುಚ್ಚಿಟ್ಟು ಮಾತಾಡುವವರನ್ನು ನಾನು ನಂಬುವುದಿಲ್ಲ. ಆದರೆ ಆಮೇಲೆ ಏನಾಯಿತು ನೋಡಿ. ದೇಶದ ಆದಾಯ ಸುಮಾರು ಕಾಲು ಭಾಗ ಕರಗಿತು. 2013ರಲ್ಲಿ ನಿರುದ್ಯೋಗ ಶೇ 27 ದಾಟಿತು. ಕೆಲಸ ಹುಡುಕುತ್ತಿದ್ದ ಯುವಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಕೆಲಸ ಇರಲಿಲ್ಲ. ಇಷ್ಟೆಲ್ಲ ಮಾಡಿದ್ದು ಸಾಲದ ಪ್ರಮಾಣ ಇಳಿಸಲು ತಾನೆ? 2009ರಲ್ಲಿ ಜಿಡಿಪಿಯ ಶೇ 130ರ ಒಳಗಿದ್ದ ಸಾಲ 2014ಕ್ಕೆ ಶೇ 175 ದಾಟಿತ್ತು. ನಡುವೆ 2012ರಲ್ಲಿ ಖಾಸಗಿಯವರು ಕೊಟ್ಟಿದ್ದ ಸಾಲದ ಒಂದು ದೊಡ್ಡ ಭಾಗವನ್ನು ಮನ್ನಾ ಮಾಡಿಸಿದ ಮೇಲೂ! ಮೇಲಿನ ಅಂಕಿ ಇಳಿಸಲು ಹೋಗಿ ಕೆಳಗಿನ ಅಂಕಿಯನ್ನೇ ಕುಗ್ಗಿಸಿದರೆ ಭಿನ್ನರಾಶಿ ಹೇಗೆ ಇಳಿಯುತ್ತದೆ? 2015ರ ಜೂನ್ ಕೊನೆಗೆ ಬ್ಯಾಂಕುಗಳೇ ಮುಚ್ಚಿದವು. ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ. 2016ರ ನವೆಂಬರ್‌ನಲ್ಲಿ ನಾವು ನಿಂತ ಕ್ಯೂ ನೆನಪಿದೆಯಲ್ಲ? ಕಾರಣ ಬೇರೆ, ಬಿಸಿಲು ಒಂದೇ.

ತಜ್ಞರು ಯಾಕೆ ಎಡವಿದರು? ಎರಡು ಸಂಗತಿ ಹೇಳುತ್ತೇನೆ. ಎರಡೂ ನನಗೆ ಪತ್ತೇದಾರಿ ಕಥೆಯಷ್ಟೇ ಇಷ್ಟ.

ಮೊದಲನೆಯದು. 2010ರಲ್ಲಿ ಅಮೆರಿಕದ ಹೆಸರಾಂತ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಒಂದು ಪ್ರಬಂಧ ಬರೆದರು. ಸಾಲ ಜಿಡಿಪಿಯ ಶೇ 90 ದಾಟಿದರೆ ಬೆಳವಣಿಗೆ ಸರಾಸರಿ ಶೇ -0.1ಕ್ಕೆ ಬೀಳುತ್ತದೆ ಅಂತ. ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ನಲ್ಲಿ ಬಿಗಿ ಬಜೆಟ್ ಬೇಕು ಅನ್ನುವವರಿಗೆ ಇದು ಹಬ್ಬದೂಟವಾಯಿತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಅನ್ನುವ ವಿದ್ಯಾರ್ಥಿಗೆ ಕ್ಲಾಸಿನಲ್ಲಿ ಒಂದು ಹೋಂವರ್ಕ್: ಯಾವುದಾದರೂ ಪ್ರಸಿದ್ಧ ಪ್ರಬಂಧದ ಲೆಕ್ಕ ಮತ್ತೆ ಮಾಡಿ ತೋರಿಸು. ಹುಡುಗ ಮಾಡಿದ. ಉತ್ತರ ಬರಲಿಲ್ಲ. ಎಷ್ಟು ಸಲ ಮಾಡಿದರೂ ಬರಲಿಲ್ಲ. ಕೊನೆಗೆ ಲೇಖಕರಿಂದಲೇ ಎಕ್ಸೆಲ್ ಫೈಲ್ ತರಿಸಿ ನೋಡಿದ. ಸರಾಸರಿ ತೆಗೆಯುವಾಗ 5 ದೇಶಗಳ ಸಾಲು ಬಿಟ್ಟುಹೋಗಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಮೊದಲು ಬರುವ ಐದು! ಅದನ್ನೂ, ಲೆಕ್ಕದಿಂದ ಕೈಬಿಟ್ಟಿದ್ದ ಕೆಲವು ವರ್ಷಗಳನ್ನೂ, ವರ್ಷಗಳನ್ನು ತೂಗಿದ ರೀತಿಯನ್ನೂ ಸರಿ ಮಾಡಿದರೆ -0.1 ಹೋಗಿ 2.2 ಬಂತು. ಲೇಖಕರು ಎಕ್ಸೆಲ್ ತಪ್ಪು ಒಪ್ಪಿಕೊಂಡರು. ಆದರೆ ಸಾಲ ಹೆಚ್ಚಿದ್ದ ಕಡೆ ಬೆಳವಣಿಗೆ ಕಮ್ಮಿ ಅನ್ನುವ ಮಾತು ಈಗಲೂ ನಿಲ್ಲುತ್ತದೆ ಅಂದರು. ಅದೂ ಪೂರಾ ಸುಳ್ಳಲ್ಲ. ಸಾಲದಿಂದ ಬೆಳವಣಿಗೆ ಕುಂಠಿತವಾಯಿತೋ, ಬೆಳವಣಿಗೆ ಕುಂಠಿತವಾದ್ದರಿಂದ ಸಾಲ ಏರಿತೋ ಅನ್ನುವುದು ಬೇರೆ ಜಗಳ. ಆದರೆ 90ರಲ್ಲಿ ಪ್ರಪಾತ ಇದೆ ಅನ್ನುವ ಹೆದರಿಕೆ ಅಲ್ಲಿಗೆ ಮುಗಿಯಿತು.

ಎರಡನೆಯದು ಐಎಂಎಫ್ ಒಳಗಿನಿಂದಲೇ ಬಂತು. ಸರ್ಕಾರ 1 ರೂಪಾಯಿ ಖರ್ಚು ಕತ್ತರಿಸಿದರೆ ದೇಶದ ಆದಾಯ ಎಷ್ಟು ಇಳಿಯುತ್ತದೆ? 50 ಪೈಸೆ ಅಂತ ಹಿಡಿದುಕೊಂಡು ಮುನ್ಸೂಚನೆ ಕೊಡುತ್ತಿದ್ದರು. 2012ರ ಕೊನೆಯಲ್ಲಿ ಐಎಂಎಫ್‌ನ ಮುಖ್ಯ ಅರ್ಥಶಾಸ್ತ್ರಜ್ಞ ಒಲಿವಿಯೆ ಬ್ಲಾಂಶಾರ್ ತಮ್ಮ ಸಹೋದ್ಯೋಗಿ ಜೊತೆ ಕೂತು ಹಳೇ ಮುನ್ಸೂಚನೆಗಳನ್ನೇ ಪರೀಕ್ಷೆ ಮಾಡಿದರು. ಬಿಕ್ಕಟ್ಟಿನ ವರ್ಷಗಳಲ್ಲಿ ಅದು 90 ಪೈಸೆಯಿಂದ 1 ರೂಪಾಯಿ 70 ಪೈಸೆವರೆಗೂ ಇತ್ತು. ‘ನಮ್ಮ ಲೆಕ್ಕ ತಪ್ಪಿತ್ತು’ ಅಂತ ಅಷ್ಟು ದೊಡ್ಡ ಸಂಸ್ಥೆಯ ಒಳಗಿನವರೇ ಬರೆದದ್ದು ಸಣ್ಣ ಮಾತಲ್ಲ. ಅಥೆನ್ಸ್‌ನಲ್ಲಿ ಅಂಗಡಿ ಕಳೆದುಕೊಂಡವನಿಗೆ ಅದರಿಂದ ಏನೂ ಆಗಲಿಲ್ಲ, ಅದು ಬೇರೆ.

ಇನ್ನೊಂದು ಕಡೆಯನ್ನೂ ಹೇಳಬೇಕು. ಇವತ್ತು ಗ್ರೀಸಿನ ಬಜೆಟ್‌ನಲ್ಲಿ ಉಳಿತಾಯ ಇದೆ, ಸಾಲದ ಪ್ರಮಾಣ ಶೇ 160ಕ್ಕಿಂತ ಕೆಳಗೆ ಬಂದಿದೆ. ‘ನೋಡಿ, ಕಹಿ ಔಷಧಿ ಕೆಲಸ ಮಾಡಿತು’ ಅನ್ನುವವರು ಅದನ್ನೇ ತೋರಿಸುತ್ತಾರೆ. ಕೋವಿಡ್ ನಂತರದ ಬೆಲೆ ಏರಿಕೆಯ ಪಾಲನ್ನು ಅವರು ಸ್ವಲ್ಪ ಮೆಲ್ಲಗೆ ಹೇಳುತ್ತಾರೆ.

ಈಗ ಜರ್ಮನಿಗೆ ವಾಪಸ್. ಬೇರೆಯವರಿಗೆ ಹೇಳಿದ ಪಥ್ಯವನ್ನು ಅವರೂ ಮಾಡಿದರು. 2009ರಲ್ಲಿ ಸಂವಿಧಾನದಲ್ಲೇ ಬರೆದುಕೊಂಡರು: ಕೇಂದ್ರ ಸರ್ಕಾರ ಮಾಮೂಲಿ ಕಾಲದಲ್ಲಿ ಜಿಡಿಪಿಯ ಶೇ 0.35ಕ್ಕಿಂತ ಜಾಸ್ತಿ ಸಾಲ ಮಾಡುವ ಹಾಗಿಲ್ಲ, ರಾಜ್ಯಗಳಿಗೆ ಸೊನ್ನೆ. ಇದಕ್ಕೆ ‘ಶುಲ್ಡನ್‌ಬ್ರೆಮ್ಸೆ’ ಅನ್ನುತ್ತಾರೆ, ಸಾಲದ ಬ್ರೇಕ್. 2017ರಲ್ಲಿ ಹಣಕಾಸು ಮಂತ್ರಿ ವೊಲ್ಫ್‌ಗಾಂಗ್ ಶೋಯ್ಬ್ಲ ಇಲಾಖೆ ಬಿಡುವಾಗ, ಸಿಬ್ಬಂದಿ ಕಪ್ಪು ಬಟ್ಟೆ ಹಾಕಿಕೊಂಡು ಅಂಗಳದಲ್ಲಿ ದೊಡ್ಡ ಸೊನ್ನೆಯ ಆಕಾರದಲ್ಲಿ ನಿಂತರು. ಹೊಸ ಸಾಲ ಸೊನ್ನೆ, ಅದರ ಗೌರವಕ್ಕೆ. ಮಂತ್ರಿಗೆ ಹಾರ ಹಾಕುವುದು ನಮ್ಮ ಕ್ರಮ, ಸೊನ್ನೆ ಹಾಕುವುದು ಅವರ ಕ್ರಮ.

ಬೇರೆ ಖಾತೆಯಲ್ಲಿ ಬೇರೆ ಸಾಲ ಬೆಳೆಯುತ್ತಿತ್ತು. ರೈಲು ಹಳಿ, ಸೇತುವೆ, ಶಾಲೆ ಕಟ್ಟಡ. 2024ರಲ್ಲಿ ಡಾಯ್ಚ ಬಾನ್‌ನ ದೂರದ ರೈಲುಗಳಲ್ಲಿ ಸಮಯಕ್ಕೆ ಸರಿಯಾಗಿ ಬಂದವು ಶೇ 62.5 ಮಾತ್ರ. ಜರ್ಮನಿಯಲ್ಲಿ! ಆ ವರ್ಷದ ಸೆಪ್ಟೆಂಬರ್‌ನಲ್ಲಿ ಡ್ರೆಸ್ಡನ್ ನಗರದ ಕರೋಲಾ ಸೇತುವೆಯ ಒಂದು ಭಾಗ ನಡುರಾತ್ರಿ ಮೇಲೆ ಎಲ್ಬ ನದಿಗೆ ಕುಸಿಯಿತು. ಸ್ವಲ್ಪ ಮುಂಚೆ ಅದರ ಮೇಲೆ ಟ್ರಾಮ್ ಹೋಗಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಸೇತುವೆ ಕುಸಿಯಲು ಕಾರಣ ಒಳಗಿನ ಉಕ್ಕು ತುಕ್ಕು ಹಿಡಿದದ್ದು. ಸಾಲದ ಬ್ರೇಕೇ ಸೇತುವೆ ಬೀಳಿಸಿತು ಅಂದರೆ ಅತಿಯಾಗುತ್ತದೆ. ಆದರೆ ಜನರ ಮನಸ್ಸಿನಲ್ಲಿ ಎರಡೂ ಒಂದೇ ಚಿತ್ರದಲ್ಲಿ ಸೇರಿಕೊಂಡವು.

ನನಗೆ ಕುತೂಹಲ ಅನಿಸಿದ್ದು 2024ರ ಮೇ ತಿಂಗಳ ಒಂದು ಅಧ್ಯಯನ. ಮಾಡಿದವರು ಎರಡು ಸಂಸ್ಥೆ: ಐಎಂಕೆ, ಐಡಬ್ಲ್ಯು. ಮೊದಲನೆಯದು ಕಾರ್ಮಿಕ ಸಂಘಗಳ ಕಡೆಯದು, ಎರಡನೆಯದು ಮಾಲೀಕರ ಕಡೆಯದು. ಬೀಗರ ಜಗಳದ ಹಾಗೆ ಯಾವಾಗಲೂ ಕಚ್ಚಾಡುವವರು. ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಿ ಹೇಳಿದರು: 10 ವರ್ಷದಲ್ಲಿ ಸುಮಾರು 60,000 ಕೋಟಿ ಯೂರೋ ಹೆಚ್ಚುವರಿ ಸರ್ಕಾರಿ ಹೂಡಿಕೆ ಬೇಕು. ಎಲ್ಲರೂ ಒಪ್ಪಲಿಲ್ಲ. ಸರ್ಕಾರಕ್ಕೆ ಸಲಹೆ ಕೊಡುವ ‘ಐವರು ಜ್ಞಾನಿಗಳ’ ಮಂಡಳಿಯ ವೆರೊನಿಕಾ ಗ್ರಿಮ್‌ರಂಥವರು ಬ್ರೇಕ್ ಬಿಡಬೇಡಿ ಅಂತಲೇ ವಾದಿಸಿದರು. ದುಡ್ಡು ಇದೆ, ಪಿಂಚಣಿ ಸಬ್ಸಿಡಿಗೆ ಹೋಗುತ್ತಿದೆ, ಮೊದಲು ಅಲ್ಲಿ ಧೈರ್ಯ ತೋರಿಸಿ ಅಂತ. ಈ ವಾದವನ್ನು ಸುಮ್ನೆ ಜಿಪುಣತನ ಅಂತ ತಳ್ಳಿಹಾಕಬಾರದು.

ಬ್ರೇಕ್ ಸಡಿಲಿಸಿದ್ದು ಯಾವ ವಾದ? ಯಾವುದೂ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. 2023ರ ನವೆಂಬರ್ 15ರಂದು ಕಾರ್ಲ್ಸ್‌ರೂಹದ ಸಂವಿಧಾನ ನ್ಯಾಯಾಲಯ ಸರ್ಕಾರದ ಒಂದು ಕೈಚಳಕವನ್ನು ರದ್ದು ಮಾಡಿತು. ಕೋವಿಡ್‌ಗೆ ಅಂತ ಪಡೆದ ಸಾಲದ ಅನುಮತಿಯಲ್ಲಿ ಉಳಿದ 6,000 ಕೋಟಿ ಯೂರೋವನ್ನು ಹವಾಮಾನ ನಿಧಿಗೆ ದಾಟಿಸಿದ್ದರು. ಬಜೆಟ್‌ನಲ್ಲಿ ದೊಡ್ಡ ತೂತು. ಮುಂದಿನ ವರ್ಷ ನವೆಂಬರ್ 6ಕ್ಕೆ ಚಾನ್ಸಲರ್ ಶೋಲ್ಸ್ ತಮ್ಮ ಹಣಕಾಸು ಮಂತ್ರಿ ಲಿಂಡ್ನರ್ ಅವರನ್ನು ಕಿತ್ತುಹಾಕಿದರು, ಸರ್ಕಾರ ಬಿತ್ತು. ಚುನಾವಣೆ ಪ್ರಚಾರದಲ್ಲಿ ಬ್ರೇಕ್ ಪರ ನಿಂತಿದ್ದ ಫ್ರೀಡ್ರಿಶ್ ಮೆರ್ಸ್ ಗೆದ್ದರು. ಗೆದ್ದ ಕೆಲವೇ ದಿನಕ್ಕೆ ತಿರುಗಿ ನಿಂತರು. ಅಮೆರಿಕ ಇನ್ನು ಯುರೋಪನ್ನು ಕಾಯುವುದಿಲ್ಲ ಅನ್ನುವ ಭಯ ಹಿಂದಿನಿಂದ ನೂಕುತ್ತಿತ್ತು. ಹೊಸ ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಬಹುಮತ ಕಷ್ಟ ಅಂತ ಹಳೇ ಸಂಸತ್ತನ್ನೇ ಕರೆದು, 2025ರ ಮಾರ್ಚ್ 18ಕ್ಕೆ ಸಂವಿಧಾನ ತಿದ್ದಿದರು. ರಕ್ಷಣೆಗೆ ಜಿಡಿಪಿಯ ಶೇ 1ಕ್ಕಿಂತ ಮೇಲೆ ಎಷ್ಟು ಖರ್ಚಾದರೂ ಬ್ರೇಕ್ ಲೆಕ್ಕಕ್ಕಿಲ್ಲ. ಮೂಲಸೌಕರ್ಯಕ್ಕೆ 12 ವರ್ಷದಲ್ಲಿ 50,000 ಕೋಟಿ ಯೂರೋ. ಯೂರೋಗೆ 100 ರೂಪಾಯಿ ಹಿಡಿದರೆ 50 ಲಕ್ಷ ಕೋಟಿ. ನಮ್ಮ ಕೇಂದ್ರದ 2025-26ರ ಇಡೀ ಬಜೆಟ್ ಸುಮಾರು ಅಷ್ಟು.

ಈಗಿನ ಜಗಳ: ಆ ದುಡ್ಡು ನಿಜಕ್ಕೂ ಹೊಸ ಹಳಿ, ಹೊಸ ಸೇತುವೆಗೆ ಹೋಗುತ್ತಿದೆಯಾ? ಮೊದಲೇ ಮಾಮೂಲಿ ಬಜೆಟ್‌ನಲ್ಲಿದ್ದ ಕೆಲಸಗಳನ್ನು ಹೊಸ ನಿಧಿಗೆ ದಾಟಿಸಿ, ಖಾಲಿಯಾದ ಜಾಗದಲ್ಲಿ ಬೇರೆ ಖರ್ಚು ತುಂಬುತ್ತಿದ್ದಾರಾ? ಇದನ್ನು ಜರ್ಮನ್ನರು ರೈಲು ಬೋಗಿ ಅತ್ತಿತ್ತ ಎಳೆದಾಡುವ ಯಾರ್ಡ್‌ಗೆ ಹೋಲಿಸುತ್ತಾರೆ. ಗ್ಯಾಸಿಗೆ ಇಟ್ಟ ದುಡ್ಡು ತೆಗೆದು ಹಾಲಿನವನಿಗೆ ಕೊಟ್ಟು, ಗ್ಯಾಸಿಗೆ ಸಾಲ ತಂದ ಹಾಗೆ. ಸಾಲ ಬೇಡ ಅಂದವರು, ಬೇಕು ಅಂದವರು, ಇಬ್ಬರೂ ಇದಕ್ಕೆ ಸಿಟ್ಟಾಗಿದ್ದಾರೆ.

ಇಡೀ ಯುರೋಪಿನ ಮಟ್ಟದಲ್ಲಿ ಇದೇ ಪ್ರಶ್ನೆಯನ್ನು ಯುರೋಪಿನ ಕೇಂದ್ರ ಬ್ಯಾಂಕಿನ ಮಾಜಿ ಅಧ್ಯಕ್ಷ ಮಾರಿಯೋ ದ್ರಾಗಿ 2024ರ ಸೆಪ್ಟೆಂಬರ್ ವರದಿಯಲ್ಲಿ ಎತ್ತಿದರು. ಅಮೆರಿಕ, ಚೀನಾ ಜೊತೆ ಓಡಬೇಕಾದರೆ ವರ್ಷಕ್ಕೆ 75,000ದಿಂದ 80,000 ಕೋಟಿ ಯೂರೋ ಹೆಚ್ಚುವರಿ ಹೂಡಿಕೆ ಬೇಕು, ಅದರಲ್ಲಿ ಸ್ವಲ್ಪಕ್ಕೆ ಎಲ್ಲ ದೇಶ ಸೇರಿ ಒಟ್ಟಿಗೆ ಸಾಲ ಮಾಡೋಣ ಅಂದರು. 2020ರ ಜುಲೈನಲ್ಲಿ ಕೋವಿಡ್ ಸಮಯಕ್ಕೆ ಹಾಗೆ ಮಾಡಿದ್ದೂ ಇದೆ, ನಾಲ್ಕು ಹಗಲು ನಾಲ್ಕು ರಾತ್ರಿ ಕಾದಾಡಿದ ಮೇಲೆ. ಒಟ್ಟು ಕುಟುಂಬದಲ್ಲಿ ಜಂಟಿ ಸಾಲಕ್ಕೆ ಸಹಿ ಹಾಕುವುದು ಎಂಥ ಕಷ್ಟ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಇನ್ನು 3 ಹುಟ್ಟಿದ ಊರು, ಫ್ರಾನ್ಸ್. ಅಲ್ಲಿ 1970ರ ದಶಕದ ನಂತರ ಒಂದು ವರ್ಷವೂ ಬಜೆಟ್ ಸರಿದೂಗಿಲ್ಲ. 2024ರಲ್ಲಿ ಕೊರತೆ ಶೇ 5.8. ಆ ಡಿಸೆಂಬರ್‌ನಲ್ಲಿ ಬಜೆಟ್ ಜಗಳಕ್ಕೆ ಬಾರ್ನಿಯೆ ಸರ್ಕಾರ ಬಿತ್ತು. ಮುಂದಿನ ಸೆಪ್ಟೆಂಬರ್‌ಗೆ ಬೈರೂ ಸರ್ಕಾರ ಬಿತ್ತು. ಬೈರೂ ಉಳಿತಾಯಕ್ಕೆ ಅಂತ ಎರಡು ಸರ್ಕಾರಿ ರಜೆ ತೆಗೆಯಲು ಹೊರಟಿದ್ದರು. ರಜೆಗೆ ಕೈ ಹಾಕಿ ಉಳಿದ ಸರ್ಕಾರ ಎಲ್ಲಿದೆ? ಇನ್ನೊಂದು ಕಡೆ ಅರ್ಥಶಾಸ್ತ್ರಜ್ಞ ಗಾಬ್ರಿಯೆಲ್ ಝುಕ್‌ಮನ್, 10 ಕೋಟಿ ಯೂರೋ ಮೀರಿದ ಆಸ್ತಿಯವರು ವರ್ಷಕ್ಕೆ ಅದರ ಶೇ 2ರಷ್ಟಾದರೂ ತೆರಿಗೆ ಕಟ್ಟಲಿ ಅಂದರು. ಸಂಸತ್ತಿನ ಕೆಳಮನೆ 2025ರ ಫೆಬ್ರವರಿಯಲ್ಲಿ ಒಪ್ಪಿತು. ಮೇಲ್ಮನೆ ಬೇಡ ಅಂತು. ಅಕ್ಟೋಬರ್‌ನಲ್ಲಿ ಕೆಳಮನೆಯೂ ಬೇಡ ಅಂತು.

ಇಷ್ಟು ಹೇಳಿ ನಿಲ್ಲಿಸಿದೆ. ಪ್ರಶ್ನೆ ಶುರುವಾದವು. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಎದ್ದು, “ಅಲ್ಲ ಮೇಡಂ, ಹಾಗಾದರೆ ಸಾಲಕ್ಕೆ ಮಿತಿಯೇ ಬೇಡ ಅಂತೀರಾ?” ಅಂದರು.

“ಇಲ್ಲ ಸಾರ್. ನೀವು ಸಾಲ ಕೊಡುವಾಗ ಬರೀ ಮೊತ್ತ ನೋಡುತ್ತಿದ್ದಿರಾ? ಬೋರ್‌ವೆಲ್‌ಗೋ, ಮದುವೆಗೋ ಅಂತ ಕೇಳುತ್ತಿರಲಿಲ್ಲವಾ?”

“ಕೇಳುತ್ತಿದ್ದೆವು. ಬೋರ್‌ವೆಲ್ ಅಂತ ಹೇಳಿ ಮದುವೆ ಮಾಡುತ್ತಿದ್ದರು.”

ಎಲ್ಲರೂ ನಕ್ಕರು. ಆದರೆ ಅವರು ಹೇಳಿದ್ದು ತಮಾಷೆಯಲ್ಲ. ಹೂಡಿಕೆಯ ಸಾಲಕ್ಕೆ ಬೇರೆ ನಿಯಮ ಇಡಿ ಅನ್ನುವ ಬೇಡಿಕೆ ಯುರೋಪಿನಲ್ಲಿ ಬಹಳ ಹಳೆಯದು. ಅದಕ್ಕೆ ಎದುರಾಗುವ ವಾದ ಅಕ್ಷರಶಃ ಇದೇ. ನಾಳೆ ಎಲ್ಲ ಖರ್ಚೂ ಹೂಡಿಕೆ ಅಂತಲೇ ಹೆಸರು ಹಾಕಿಕೊಂಡು ಬರುತ್ತದೆ, ಯಾರು ಹಿಡಿಯುತ್ತಾರೆ? ಒಬ್ಬರನ್ನೊಬ್ಬರು ನಂಬದವರು ಅಂಕಿಯನ್ನು ನಂಬುತ್ತಾರೆ.

ಕೊನೆಗೆ ಬಿಕಾಂ ಓದುವ ಹುಡುಗಿಯೊಬ್ಬಳು ಕೇಳಿದಳು: “ಮೇಡಂ, 3ಕ್ಕೆ ಅರ್ಥ ಇಲ್ಲ ಅಂತ ಎಲ್ಲರಿಗೂ ಗೊತ್ತಲ್ವಾ? ಮತ್ತೆ ಯಾಕೆ ಬದಲಾಯಿಸಲ್ಲ?”

2024ರ ಏಪ್ರಿಲ್ 30ರಿಂದ ಹೊಸ ನಿಯಮಗಳು ಬಂದಿವೆ ಅಂತ ಅವಳಿಗೆ ಹೇಳಿದೆ. ಈಗ ಪ್ರತಿ ದೇಶಕ್ಕೂ ಅದರದೇ ಖರ್ಚಿನ ದಾರಿ, 4 ವರ್ಷದ ಯೋಜನೆ, ಸುಧಾರಣೆ ಮಾಡಿದರೆ 7 ವರ್ಷ. ಸಾಲ ಶೇ 90 ಮೀರಿದವರು ಅದನ್ನು ವರ್ಷಕ್ಕೆ ಸರಾಸರಿ ಜಿಡಿಪಿಯ ಶೇ 1ರಷ್ಟು ಇಳಿಸಬೇಕು. ಇಷ್ಟೆಲ್ಲ ಹೊಸದಾಗಿ ಬರೆದವರು 3 ಮತ್ತು 60ನ್ನು ಮಾತ್ರ ಮುಟ್ಟಲಿಲ್ಲ. ಅವು ಒಪ್ಪಂದದ ಜೊತೆಗಿನ ಪ್ರೋಟೋಕಾಲ್‌ನಲ್ಲಿವೆ. ತಿದ್ದಬೇಕಾದರೆ 27 ದೇಶಗಳೂ ಹ್ಞೂಂ ಅನ್ನಬೇಕು.

“27ರಲ್ಲಿ ಒಬ್ಬರು ಬೇಡ ಅಂದರೂ?”

“ಒಬ್ಬರು ಅಂದರೂ ಇಲ್ಲ.”

“ಹಾಗಾದರೆ ಅದು ಹೋಗಲ್ಲ ಬಿಡಿ,” ಅಂದಳು. ಹಿಂದಿನ ಸಾಲಿನಲ್ಲಿ ಆಗಲೇ ಕಾಫಿ ಲೋಟದ ಸದ್ದು ಶುರುವಾಗಿತ್ತು.